ಹಿಂಬದಿಯ ಮೆಟ್ಟಿಲುಗಳು

ಕೆಂಪೇಗೌಡ ರಸ್ತೆಯ ಬಹುಮಹಡಿ ಬಟ್ಟೆ ಅಂಗಡಿಯ ಮುಂದೆ ನಿಂತು ನಾನು ಮೊಬೈಲಿನ ನಕ್ಷೆಯಲ್ಲಿ ‘ಸಾಗರ್’ ಎಂದು ಗುರುತು ಹಾಕಿದೆ. ಅಪ್ಪ ಬಗ್ಗಿ ನೋಡಿ, “ಅಲ್ಲಲ್ಲ ಕಣಮ್ಮ, ಇನ್ನೂ ಹಿಂದಕ್ಕೆ ಹಾಕು” ಎಂದರು. ರಸ್ತೆಗೆ ಮುಖ ಮಾಡಿದ ಕಟ್ಟಡ ಅದು, ಗುರುತು ಇಲ್ಲಿಯೇ ಬರಬೇಕು ಎಂದು ನಾನು ವಾದಿಸಿದೆ. ಅಪ್ಪ ಉತ್ತರ ಕೊಡಲಿಲ್ಲ. ಪಕ್ಕದ ಓಣಿಗೆ ಇಳಿದು ನಡೆದೇಬಿಟ್ಟರು.

ಬೆಂಗಳೂರಿನಲ್ಲಿ ಇಲ್ಲವಾದ ಚಿತ್ರಮಂದಿರಗಳ ಪಟ್ಟಿಯೊಂದನ್ನು ನಾನು ಕೆಲವು ತಿಂಗಳಿಂದ ಮಾಡುತ್ತಿದ್ದೇನೆ. ಹಳೆಯ ಪತ್ರಿಕೆಗಳ ಸಿನಿಮಾ ಜಾಹೀರಾತುಗಳಿಂದ ಹೆಸರುಗಳನ್ನು ಬರೆದುಕೊಂಡು, ಒಂದೊಂದೂ ಎಲ್ಲಿತ್ತು ಎಂದು ಹೋಗಿ ನೋಡುವುದು, ನಕ್ಷೆಯಲ್ಲಿ ಚುಕ್ಕಿ ಇಡುವುದು. ದಂಡು ಪ್ರದೇಶವನ್ನು ಒಬ್ಬಳೇ ಮುಗಿಸಿದ್ದೆ. 1936ರ ಪ್ಲಾಜಾ ಇದ್ದಲ್ಲಿ ಈಗ ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣ. ಬಿ.ಆರ್.ವಿ. ಟಾಕೀಸಿನ ಕಟ್ಟಡದಲ್ಲಿ ಸೈನಿಕರ ಕ್ಯಾಂಟೀನು. ಶಿವಾಜಿನಗರದಲ್ಲಿ 1896ರಲ್ಲಿ ನಾಟಕಶಾಲೆಯಾಗಿ ಶುರುವಾದ ಎಲ್ಗಿನ್ ಕೂಡ ಇಲ್ಲ. ಪೇಟೆ ಕಡೆಗೆ ಮಾತ್ರ ಅಪ್ಪನೊಂದಿಗೇ ಹೋಗಬೇಕೆಂದು ಇಟ್ಟುಕೊಂಡಿದ್ದೆ. ಅವರಿಗೆ ಈಗ ಎಪ್ಪತ್ತನಾಲ್ಕು. ಇಪ್ಪತ್ತರ ವಯಸ್ಸಿನಲ್ಲಿ ಒಂಬತ್ತು ವರ್ಷ ಅವರು ಗಾಂಧಿನಗರದ ಹಂಚಿಕೆದಾರರೊಬ್ಬರ ಬಳಿ ರೀಲು ಸಾಗಿಸುವ ಕೆಲಸ ಮಾಡಿದ್ದರು.

ಆ ಕೆಲಸವನ್ನು ಇಂದಿನವರಿಗೆ ಬಿಡಿಸಿ ಹೇಳಬೇಕು. ಒಂದು ಪ್ರಿಂಟ್ ಎಂದರೆ ದೊಡ್ಡ ದುಡ್ಡು. ಆದ್ದರಿಂದ ಕೆಲವು ಸಲ ಎರಡು ಚಿತ್ರಮಂದಿರಗಳಿಗೆ ಒಂದೇ ಪ್ರಿಂಟ್. ಮೊದಲನೆಯದರಲ್ಲಿ ಮ್ಯಾಟಿನಿ ಎರಡೂವರೆಗೆ ಶುರುವಾದರೆ ಎರಡನೆಯದರಲ್ಲಿ ಮೂರೂಕಾಲಿಗೆ. ಸಾವಿರ ಅಡಿಯ ರೀಲು ಪರದೆಯ ಮೇಲೆ ಹನ್ನೊಂದು ನಿಮಿಷ ಓಡುತ್ತದೆ. ಎರಡನ್ನು ಜೋಡಿಸಿದರೆ ಇಪ್ಪತ್ತೆರಡು. ಓಡಿ ಮುಗಿದ ರೀಲನ್ನು ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನಲ್ಲೇ ಹಿಂದಕ್ಕೆ ಸುತ್ತಿ, ಡಬ್ಬಕ್ಕೆ ಹಾಕಿ ಕೊಡುತ್ತಾರೆ. ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದು ಇನ್ನೊಂದು ಚಿತ್ರಮಂದಿರಕ್ಕೆ ಒಯ್ಯಬೇಕು. ಅಲ್ಲಿ ಅಷ್ಟರಲ್ಲಿ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ನಡೆಯುತ್ತಿರುತ್ತದೆ. ಅದು ಮುಗಿಯುವುದರೊಳಗೆ ಡಬ್ಬ ಕ್ಯಾಬಿನ್ ಸೇರಬೇಕು. ಮತ್ತೆ ಮರಳಿ ಮುಂದಿನ ರೀಲಿಗೆ. ದಿನಕ್ಕೆ ಮೂರು ಆಟ. “ಮಳೆಗಾಲದಲ್ಲಿ ಡಬ್ಬಕ್ಕೆ ರೆಕ್ಸಿನ್ ಹೊದಿಸುತ್ತಿದ್ದೆ, ನನಗೆ ಏನೂ ಇರಲಿಲ್ಲ. ಕೈಗೆ ಕೊಡುವಾಗ ರೀಲು ಬೆಚ್ಚಗಿರುತ್ತಿತ್ತು, ಪ್ರೊಜೆಕ್ಟರಿನಲ್ಲಿ ಬೆಳಕಿಗೆಂದು ಕಾರ್ಬನ್ ಕಡ್ಡಿ ಉರಿದ ಶಾಖ” ಎಂದು ಅಪ್ಪ ಅಂಗೈಯನ್ನು ಹೀಗೆ ಹಾಗೆ ತಿರುಗಿಸಿ ತೋರಿಸಿದರು.

ಅಪ್ಪನಿಗೆ ಚಿತ್ರಮಂದಿರಗಳ ಮುಖವೇ ಗೊತ್ತಿಲ್ಲ ಎಂಬುದು ಓಣಿಗೆ ಇಳಿದ ಮೇಲೆ ನನಗೆ ಹೊಳೆಯಿತು. ಟಿಕೆಟ್ ಕಿಟಕಿ, ಕಟೌಟು, ಬಾಲ್ಕನಿಯ ಮೆಟ್ಟಿಲು, ಗಾಂಧಿ ಕ್ಲಾಸಿನ ಸಾಲು, ಇವೆಲ್ಲ ನೋಡುಗರದ್ದು. ಅಪ್ಪ ಎಲ್ಲಕ್ಕೂ ಹಿಂದಿನಿಂದ ಬಂದು ಹಿಂದಿನಿಂದ ಹೋದವರು. ಅವರ ಲೆಕ್ಕದಲ್ಲಿ ಸಾಗರ್ ಎಂದರೆ ಕ್ಯಾಬಿನ್ನಿಗೆ ಹತ್ತುವ ಕಿರಿದಾದ ಮೆಟ್ಟಿಲು, ಸೈಕಲ್ ಒರಗಿಸುವ ಗೋಡೆ, ಆ ಗೋಡೆಯ ಬುಡದ ನಲ್ಲಿ. ಅದಕ್ಕೇ ಅವರು ಚುಕ್ಕಿಯನ್ನು ಹಿಂದಕ್ಕೆ ಸರಿಸು ಎಂದದ್ದು. ಚಿತ್ರಮಂದಿರ ಹೋಗಿ ಅಂಗಡಿ ಬಂದರೂ ಓಣಿ ಮಾತ್ರ ಹಾಗೆಯೇ ಉಳಿದುಕೊಂಡಿದೆ. ಅಂಗಡಿಯ ಹಿಂಗೋಡೆಯ ಮುಂದೆ ಒಂದು ಗಳಿಗೆ ನಿಂತು, “ಇಪ್ಪತ್ತೆರಡು ಮೆಟ್ಟಿಲು, ಮೇಲಿನ ಎರಡು ಸ್ವಲ್ಪ ಎತ್ತರ” ಎಂದರು. ನಾನು ಚುಕ್ಕಿಯನ್ನು ಸರಿಸಿ ಪಕ್ಕದಲ್ಲಿ 22 ಎಂದು ಬರೆದೆ.

ಅಂದಿನಿಂದ ನನ್ನ ಪಟ್ಟಿಗೆ ಮೆಟ್ಟಿಲುಗಳದ್ದೂ ಒಂದು ಕಾಲಂ ಬಂತು.

ಅಲಂಕಾರ್ ಹುಡುಕುವುದು ಕಷ್ಟವಾಗಲಿಲ್ಲ, ಅದರ ಜಾಗದ ಮಳಿಗೆಗಳ ಸಂಕೀರ್ಣ ಅದೇ ಹೆಸರನ್ನು ಇಟ್ಟುಕೊಂಡಿದೆ. ಹಿಮಾಲಯ, ಗೀತಾ, ಕೆಂಪೇಗೌಡ ಎಂದು ಅಪ್ಪ ಬೆರಳು ಮಡಿಸುತ್ತ ಬೇಗ ಬೇಗ ಸಾಗಿದರು. ಮೆಜೆಸ್ಟಿಕ್ ಬಂದಾಗ ನಾವಿಬ್ಬರೂ ತಡವರಿಸಿದೆವು. ಪಾದಚಾರಿ ಮಾರ್ಗದಲ್ಲಿ ಬೆಲ್ಟು ಮಾರುತ್ತಿದ್ದ ಹುಡುಗನನ್ನು ಮೆಜೆಸ್ಟಿಕ್ ಟಾಕೀಸ್ ಎಲ್ಲಿತ್ತು ಎಂದು ಕೇಳಿದೆ. ಅವನು ಬಸ್ ನಿಲ್ದಾಣದ ಕಡೆ ಕೈ ತೋರಿಸಿ, “ಇದೆಲ್ಲಾ ಮೆಜೆಸ್ಟಿಕ್ಕೇ ಅಲ್ಲವಾ ಅಕ್ಕ” ಎಂದ. ಅವನ ಮಾತು ತಪ್ಪಲ್ಲ. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಅದು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಜನರ ಬಾಯಲ್ಲಿ ಮಾತ್ರ ಒಂದು ಚಿತ್ರಮಂದಿರದ ಹೆಸರು ಕೆರೆಯ ಹೆಸರನ್ನೂ ನಾಡಪ್ರಭುವಿನ ಹೆಸರನ್ನೂ ದಾಟಿ ಇಡೀ ಬಡಾವಣೆಯನ್ನು ಆವರಿಸಿಕೊಂಡಿತು. ಶೇಷಾದ್ರಿಪುರದ ಸ್ವಸ್ತಿಕ್ ವೃತ್ತ, ಮಿನರ್ವ ವೃತ್ತ ಎಲ್ಲವೂ ಹೀಗೆಯೇ. ಚಿತ್ರಮಂದಿರ ಹೋದರೂ ಕಂಡಕ್ಟರು ಅದರ ಹೆಸರಿಗೇ ಟಿಕೆಟ್ ಕೊಡುತ್ತಾನೆ.

ಕಪಾಲಿಯ ಬಳಿ ಅಪ್ಪ ಹೆಚ್ಚು ಹೊತ್ತು ನಿಲ್ಲಲಿಲ್ಲ. 1968ರಲ್ಲಿ ತೆರೆದು 2017ರಲ್ಲಿ ಮುಚ್ಚಿದ, 1,400ಕ್ಕೂ ಹೆಚ್ಚು ಆಸನಗಳಿದ್ದ ಆ ಚಿತ್ರಮಂದಿರದ ಬಗ್ಗೆ ನನ್ನ ಬಳಿ ಎರಡು ಪುಟ ಟಿಪ್ಪಣಿ ಇತ್ತು. ಅಪ್ಪ, “ಅಲ್ಲಿಗೆ ನಾನು ಡಬ್ಬ ತಂದವನಲ್ಲ, ನನಗೆ ಗೊತ್ತಿಲ್ಲ” ಎಂದು ನಡೆದರು. ತಾವು ಹತ್ತದ ಮೆಟ್ಟಿಲಿನ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಅವರ ಈ ಗುಣ ನನಗೆ ಬಹಳ ಇಷ್ಟ.

ಮೈಸೂರು ಬ್ಯಾಂಕ್ ವೃತ್ತದಿಂದ ಅವೆನ್ಯೂ ರಸ್ತೆ ಹಿಡಿದೆವು. ಭಾನುವಾರವಾದ್ದರಿಂದ ಪಾದಚಾರಿ ಮಾರ್ಗದ ತುಂಬ ಹಳೆಯ ಪುಸ್ತಕಗಳು. ಮಾರುಕಟ್ಟೆಯ ಬಳಿ ನನಗೆ ಪ್ಯಾರಾಮೌಂಟ್ ಬೇಕಿತ್ತು. 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು ಅಲ್ಲಿ. ಆಮೇಲೆ ಅದು ಪರಿಮಳ ಆಯಿತು, ಆಮೇಲೆ ಇಲ್ಲವಾಯಿತು. ಆ ಚಿತ್ರವನ್ನು ನನ್ನ ಅಜ್ಜಿ, ಅಪ್ಪನ ತಾಯಿ, ಹನ್ನೊಂದರ ಹುಡುಗಿಯಾಗಿದ್ದಾಗ ನೋಡಿದ್ದಳಂತೆ. ಕೇಳಿದರೆ ಕಥೆ ಹೇಳುತ್ತಿರಲಿಲ್ಲ. ಮಡಿಲಿಗೆ ಸುರಿದ ಕಡಲೆಕಾಯಿ, ಮರಳುವಾಗ ಜಟಕಾದಲ್ಲಿ ಬಂದ ನಿದ್ದೆ, ಇಷ್ಟನ್ನೇ ಹೇಳುತ್ತಿದ್ದಳು. ಈಗ ಆ ಚಿತ್ರದ ಪ್ರಿಂಟ್ ಕೂಡ ಎಲ್ಲಿಯೂ ಉಳಿದಿಲ್ಲ.

“ಉಳಿಯುವುದು ಹೇಗೆ? ಆಗಿನ ನೈಟ್ರೇಟ್ ಫಿಲ್ಮು ಒಂದು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತಿತ್ತಂತೆ. ಆಮೇಲಿನದನ್ನು ನಾನೇ ನೋಡಿದ್ದೇನೆ. ಓಟ ಮುಗಿದ ಪ್ರಿಂಟುಗಳನ್ನು ತೂಕಕ್ಕೆ ಹಾಕುತ್ತಿದ್ದರು. ತೊಳೆದು ಬೆಳ್ಳಿ ತೆಗೆಯುತ್ತಿದ್ದರು” ಎಂದರು ಅಪ್ಪ. ಸ್ವಲ್ಪ ದೂರ ನಡೆದ ಮೇಲೆ, “ನಾನು ಹೊತ್ತ ಡಬ್ಬಗಳೂ ಹಾಗೇ ಹೋಗಿರುತ್ತವೆ” ಎಂದು ಸೇರಿಸಿದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಪ್ಯಾರಾಮೌಂಟಿನ ಚುಕ್ಕಿಯ ಪಕ್ಕ ಮೆಟ್ಟಿಲಿನ ಕಾಲಂ ಖಾಲಿ ಬಿಟ್ಟೆ.

ಪುರಭವನ ದಾಟಿ ಜೆ.ಸಿ. ರಸ್ತೆಗೆ ಬಂದಾಗ ಅಪ್ಪನ ನಡಿಗೆ ಚುರುಕಾಯಿತು. ಭಾರತ್, ಶಿವಾಜಿ, ಮಿನರ್ವ ಎಂದು ಚಿತ್ರಮಂದಿರಗಳಿದ್ದ ರಸ್ತೆ ಅದು. ವಾಹನಗಳ ಬಿಡಿಭಾಗದ ಅಂಗಡಿಗಳು ಅಂದು ಬಾಗಿಲು ಹಾಕಿದ್ದವು. ಒಂದು ಮುಚ್ಚಿದ ಬಾಗಿಲಿನ ಮುಂದೆ ಅಪ್ಪ ನಿಂತು, ಇಲ್ಲಿಯೇ ಸೈಕಲ್ ಪಂಕ್ಚರ್ ಆದದ್ದು ಎಂದರು. ಆ ಸಂಜೆ ಕ್ಯಾರಿಯರಿನಲ್ಲಿ ಎರಡು ಡಬ್ಬ. ಮುಂದಿನ ಚಿತ್ರಮಂದಿರದಲ್ಲಿ ಇಂಟರ್‌ವಲ್ ಮುಗಿಯುತ್ತ ಬಂದಿತ್ತು. ಸೈಕಲ್ ಅಲ್ಲೇ ಬಿಟ್ಟು ಒಂದನ್ನು ಹೆಗಲಿಗೆ, ಒಂದನ್ನು ಕಂಕುಳಿಗೆ ಇಟ್ಟು ಓಡಿದರಂತೆ. ಒಳಗೆ ಜನ ಸೀಟಿ ಹೊಡೆದು ಕೂಗುತ್ತಿದ್ದದ್ದು ರಸ್ತೆಗೇ ಕೇಳುತ್ತಿತ್ತು. ಮೆಟ್ಟಿಲು ಹತ್ತಿ ಡಬ್ಬ ಕೊಟ್ಟಾಗ ಆಪರೇಟರ್ ಬೈಯಲಿಲ್ಲ. ರೀಲನ್ನು ಏರಿಸಿ, ಕಡ್ಡಿ ಹೊತ್ತಿಸಿ, ಪರದೆಯ ಮೇಲೆ ಬೆಳಕು ಬಿದ್ದ ಮೇಲೆ ತನ್ನ ಲೋಟದ ಚಹಾವನ್ನು ಅಪ್ಪನ ಕಡೆ ಸರಿಸಿದನಂತೆ. “ಕಿಂಡಿಯಿಂದ ನೋಡು ಎಂದ. ನೋಡಿದೆ. ನಾಯಕಿ ಅಳುತ್ತಿದ್ದಳು. ಯಾಕೆ ಎಂದು ಗೊತ್ತಾಗುವಷ್ಟರಲ್ಲಿ ಮುಂದಿನ ರೀಲಿಗೆ ಹೊರಡುವ ಹೊತ್ತಾಯಿತು.”

“ಆಮೇಲಾದರೂ ಆ ಚಿತ್ರ ಪೂರ್ತಿ ನೋಡಿದಿರಾ ಅಪ್ಪ?”

“ಇಲ್ಲ. ಆ ಒಂಬತ್ತು ವರ್ಷದಲ್ಲಿ ಯಾವುದನ್ನೂ ಮೊದಲಿಂದ ಕೊನೆಯವರೆಗೆ ನೋಡಿದವನಲ್ಲ.”

ಮಿನರ್ವ ವೃತ್ತದಿಂದ ಇನ್ನೂ ನಡೆಯುತ್ತಿರುವ ಊರ್ವಶಿಯ ಕಡೆ ಹೋದೆವು. ಒಳಗೆ ಹೋಗಿ ಕೂರೋಣ, ಇವತ್ತಾದರೂ ಪೂರ್ತಿ ನೋಡಿ ಎಂದು ನಾನು ಒತ್ತಾಯಿಸಿದೆ. ಅಪ್ಪ ಒಪ್ಪಿದರು. ಎರಡೂವರೆ ಗಂಟೆ ನೆಟ್ಟಗೆ ಕುಳಿತು ನೋಡಿದರು. ನಡುನಡುವೆ ಪರದೆಯ ಬಲಗಡೆಯ ಮೇಲ್ಮೂಲೆಯತ್ತ ಅವರ ಕಣ್ಣು ಹೋಗುತ್ತಿದ್ದುದನ್ನು ನಾನು ಗಮನಿಸಿದೆ. ರೀಲು ಬದಲಿಸುವ ಹೊತ್ತಾಯಿತೆಂದು ಆಪರೇಟರಿಗೆ ತಿಳಿಸುವ ಪುಟ್ಟ ಚುಕ್ಕಿ ಹಿಂದೆ ಅಲ್ಲಿ ಮಿಂಚಿ ಮಾಯವಾಗುತ್ತಿತ್ತು. ಈಗ ಚಿತ್ರ ಕಂಪ್ಯೂಟರಿನಿಂದ ಬರುತ್ತದೆ, ಆ ಚುಕ್ಕಿ ಇಲ್ಲ.

ರಾತ್ರಿ ಮನೆಗೆ ಬಂದು ನಕ್ಷೆಯನ್ನು ತಿದ್ದುತ್ತ ಕುಳಿತಿದ್ದೆ. ಹತ್ತೂವರೆಯ ಹೊತ್ತಿಗೆ ಅಪ್ಪನ ಫೋನು ಬಂತು. ಇಷ್ಟು ಹೊತ್ತಿನಲ್ಲಿ ಯಾಕೆ ಎಂದು ಗಾಬರಿಯಿಂದಲೇ ಎತ್ತಿದೆ.

“ಮಿನರ್ವಕ್ಕೆ ಹತ್ತೊಂಬತ್ತು ಎಂದು ಬರೆಸಿದೆನಲ್ಲ, ಅದು ತಪ್ಪು” ಎಂದರು. “ಈಗ ಮಲಗಿಕೊಂಡು ಒಂದೊಂದೇ ಹತ್ತಿ ನೋಡಿದೆ. ಇಪ್ಪತ್ತೊಂದು.”