ಬೇಳೆಯಲ್ಲಿ ಪ್ರೋಟೀನ್ ಇದೆ, ನೇರಳೆ ಬಣ್ಣ ಮಾತ್ರ ಬರಲಿಲ್ಲ

ಶಾಲೆಯ ಪ್ರಯೋಗಾಲಯದಲ್ಲಿ ಪ್ರೋಟೀನ್ ಪರೀಕ್ಷೆ ಕೆಟ್ಟರೆ ಮೊದಲು ನೋಡಬೇಕಾದದ್ದು ಮೈಲುತುತ್ತದ (ತಾಮ್ರದ ಸಲ್ಫೇಟ್) ಡ್ರಾಪರ್. 100 ಮಿಲೀ ನೀರಿಗೆ 2 ಗ್ರಾಂ ಮೈಲುತುತ್ತ, ಇನ್ನೊಂದು 100 ಮಿಲೀಗೆ 10 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ ಕರಗಿಸಿಟ್ಟುಕೊಳ್ಳಿ. ಸೋಡಾ ಕರಗುವಾಗ ನೀರು ಬಿಸಿಯಾಗುತ್ತದೆ, ಸ್ವಲ್ಪಸ್ವಲ್ಪವೇ ಹಾಕಬೇಕು. ಕನ್ನಡಕ ಕಡ್ಡಾಯ. ಸೋಡಾದ ಬಾಟಲಿಗೆ ರಬ್ಬರ್ ಬಿರಡೆಯೇ ಇರಲಿ, ಗಾಜಿನದಾದರೆ ಕಚ್ಚಿಕೊಂಡು ಬಿಡುತ್ತದೆ.

ನೆನೆಸಿದ ತೊಗರಿಬೇಳೆಯನ್ನು ರುಬ್ಬಿ ಬಟ್ಟೆಯಲ್ಲಿ ಸೋಸಿ. ಆ ನೀರು 10 ಹನಿ, ಮೈಲುತುತ್ತ 2 ಹನಿ, ಕಾಸ್ಟಿಕ್ ಸೋಡಾ 10 ಹನಿ. ಅಲುಗಿಸಿ ಕೆಲವು ನಿಮಿಷ ಬಿಟ್ಟರೆ ನೇರಳೆ ಕಾಣುತ್ತದೆ. ಕಾಯಿಸಬಾರದು. ಮೈಲುತುತ್ತ ಹೆಚ್ಚಾದರೆ ತಾಮ್ರದ ಹೈಡ್ರಾಕ್ಸೈಡ್ ನೀಲಿ ಗಷ್ಟಾಗಿ ಕೂತು ನೇರಳೆಯನ್ನು ಮುಚ್ಚುತ್ತದೆ. ಅದಕ್ಕೇ ಪಕ್ಕದಲ್ಲಿ ಬೇಳೆಯ ನೀರಿನ ಬದಲು ಬರೀ ನೀರಿಗೆ ಅದೇ ಹನಿಗಳನ್ನು ಹಾಕಿದ ಪ್ರನಾಳವೊಂದು ಇರಲೇಬೇಕು. ಎರಡನ್ನೂ ಬಿಳಿ ಹಾಳೆಯ ಮುಂದೆ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮಕ್ಕಳು ಡಬ್ಬಿಯಿಂದ ಸಾರು ತಂದರೆ ಬೇಡ ಅನ್ನಿ. ಅರಿಶಿನಕ್ಕೆ ಕ್ಷಾರ ತಾಗಿದೊಡನೆ ಕೆಂಪಾಗುತ್ತದೆ, ಅದನ್ನೇ ಫಲಿತಾಂಶವೆಂದು ಬರೆದುಕೊಳ್ಳುತ್ತಾರೆ.

ಪಿಷ್ಟಕ್ಕೆ ಅಯೋಡಿನ್ ಸುಲಭ, ಆದರೆ ಬಿಸಿ ಗಂಜಿಗೆ ಹಾಕಬೇಡಿ. ಕಾವಿಗೆ ನೀಲಿ ಮಾಯವಾಗಿ, ಆರಿದಾಗ ಮರಳುತ್ತದೆ. ನಿಂಬೆ ಹಿಂಡಿದ ಚಿತ್ರಾನ್ನ ಇನ್ನೂ ಮೋಸ: ರಸದಲ್ಲಿರುವ ವಿಟಮಿನ್ ಸಿ ಅಯೋಡಿನ್ನನ್ನು ಅಯೋಡೈಡ್ ಮಾಡಿಬಿಡುತ್ತದೆ, ಬಣ್ಣ ಬರುವುದೇ ಇಲ್ಲ ಅಥವಾ ಬಂದದ್ದು ಅಳಿಯುತ್ತದೆ. ತಣ್ಣಗಿನ ಬಿಳಿ ಅನ್ನ ಸಾಕು. ರಾಗಿ ಹಿಟ್ಟಿನ ಕಂದು ಬಣ್ಣ ಅಡ್ಡ ಬರುವುದರಿಂದ ಹಿಟ್ಟು ಕುದಿಸಿ ಸೋಸಿದ ನೀರನ್ನು ಆರಿಸಿ ಬಳಸಿ. ಬಾಳೆಕಾಯಿ ಹೋಳನ್ನೂ ಹಣ್ಣಿನ ಹೋಳನ್ನೂ ಅಕ್ಕಪಕ್ಕ ಇಟ್ಟು ಹನಿ ಹಾಕಿ. ಕಾಯಿ ಕಡುನೀಲಿ, ಚೆನ್ನಾಗಿ ಮಾಗಿದ ಹಣ್ಣು ಬಹಳ ತಿಳಿ. ಪಿಷ್ಟ ಸಕ್ಕರೆಯಾಗುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಗ್ಲೂಕೋಸಿಗೆ ಬೆನೆಡಿಕ್ಟ್ ದ್ರಾವಣ (ಸಕ್ಕರೆ ಪರೀಕ್ಷೆಯ ನೀಲಿ ದ್ರಾವಣ) 2 ಮಿಲೀ, ಮಾದರಿ 8 ಹನಿ. ಪ್ರನಾಳವನ್ನು ಕುದಿಯುವ ನೀರಿನ ಬೀಕರಿನಲ್ಲಿ 5 ನಿಮಿಷ ನಿಲ್ಲಿಸಿ. ನೇರ ಉರಿಗೆ ಹಿಡಿದರೆ ಉಕ್ಕಿ ಹಾರುತ್ತದೆ. ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಎಂದು ಸಕ್ಕರೆಯ ಪ್ರಮಾಣದಂತೆ ಬಣ್ಣ ಏರುತ್ತದೆ. ಅಂಗಡಿಯ ಬಿಳಿ ಸಕ್ಕರೆ ನೀಲಿಯಾಗಿಯೇ ಉಳಿದರೆ ದ್ರಾವಣ ಹಾಳಾಗಿದೆ ಎಂದು ಚೆಲ್ಲಬೇಡಿ, ಸುಕ್ರೋಸ್ ಇದಕ್ಕೆ ಸ್ಪಂದಿಸದು. ಸಕ್ಕರೆ ನೀರಿಗೆ ಕೆಲವು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಸಿ, ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಬೆರೆಸಿ ಮತ್ತೆ ಪರೀಕ್ಷಿಸಿದರೆ ಬಣ್ಣ ಬರುತ್ತದೆ. ಬೆಲ್ಲದಲ್ಲಿ ಗ್ಲೂಕೋಸ್ ಮೊದಲೇ ಇರುವುದರಿಂದ ಈ ಶ್ರಮ ಬೇಕಿಲ್ಲ.

ಕೊಬ್ಬಿಗೆ ಕಾಗದ ಸಾಕು. ಕಡಲೆಬೀಜ ಒತ್ತಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಬೆಳಕಿಗೆ ಹಿಡಿಯಿರಿ. ನೀರಿನ ಕಲೆ ಹೋಗಿರುತ್ತದೆ, ಎಣ್ಣೆಯದು ಉಳಿದಿರುತ್ತದೆ.