ಕ್ಲಾರೆನ್ಸ್ ಡ್ಯಾಲಿಯ ಕೈ

ಇವತ್ತು ಹಲ್ಲಿನ ಎಕ್ಸ್‌ರೇ ತೆಗೆಯುವಾಗ ಟೆಕ್ನಿಷಿಯನ್ ರೂಮಿನ ಆಚೆ ಹೋಗಿ ಬಟನ್ ಒತ್ತಿದರು. ಆಗ ಕ್ಲಾರೆನ್ಸ್ ಡ್ಯಾಲಿ ನೆನಪಾದ.

ಅಮೆರಿಕದಲ್ಲಿ ಥಾಮಸ್ ಎಡಿಸನ್ ಹತ್ತಿರ ಗಾಜು ಊದುವ ಕೆಲಸಕ್ಕಿದ್ದವನು. 1895ರ ಕೊನೆಯಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದದ್ದೇ ತಡ, ಎಡಿಸನ್ ಕೂಡ ಅದರ ಹಿಂದೆ ಬಿದ್ದ. ಎಕ್ಸ್‌ರೇ ಹೊರಡಿಸುವ ಗಾಜಿನ ಟ್ಯೂಬ್ ಸರಿಯಾಗಿದೆಯಾ ಅಂತ ನೋಡಲು ಡ್ಯಾಲಿ ತನ್ನ ಕೈಯನ್ನೇ ಅಡ್ಡ ಹಿಡಿಯುತ್ತಿದ್ದ. ಮೂಳೆ ಚೆನ್ನಾಗಿ ಕಂಡರೆ ಟ್ಯೂಬ್ ಪಾಸ್! ಎಡಗೈ ಸುಟ್ಟು ಹುಣ್ಣಾದಾಗ ಬಲಗೈ ಹಿಡಿದ. ಕಣ್ಣಿಗೆ ಕಾಣದ, ಬಿದ್ದಾಗ ನೋಯದ ಕಿರಣಕ್ಕೆ ಯಾರು ಹೆದರುತ್ತಾರೆ, ಅಲ್ವಾ? ನೋವು ಬರುವುದು ಆಮೇಲೆ. ಹುಣ್ಣು ಕ್ಯಾನ್ಸರ್ ಆಯಿತು. ಎರಡೂ ತೋಳು ಕತ್ತರಿಸಿದರೂ ಉಳಿಯಲಿಲ್ಲ. 1904ರಲ್ಲಿ ತೀರಿಕೊಂಡಾಗ ಇನ್ನೂ 39 ವರ್ಷ. ಎಡಿಸನ್ ಹೆದರಿ ಎಕ್ಸ್‌ರೇ ಕೆಲಸವನ್ನೇ ಬಿಟ್ಟ.

ಇಷ್ಟಾದ ಮೇಲೂ ಅಲ್ಲಿನ ಶೂ ಅಂಗಡಿಗಳಲ್ಲಿ, ಮಕ್ಕಳ ಪಾದಕ್ಕೆ ಶೂ ಸರಿಯಾಗಿ ಕೂರುತ್ತಾ ಅಂತ ನೋಡಲು ಎಕ್ಸ್‌ರೇ ಪೆಟ್ಟಿಗೆ ಇಟ್ಟಿದ್ದರು. ಅದೂ 1950ರ ದಶಕದವರೆಗೆ! ಮಕ್ಕಳಾದರೂ ಯಾವಾಗಲೋ ಒಮ್ಮೆ ಬಂದು ಹೋಗುವವರು. ದಿನವಿಡೀ ಆ ಪೆಟ್ಟಿಗೆ ಪಕ್ಕದಲ್ಲೇ ನಿಂತಿರುತ್ತಿದ್ದ ಸೇಲ್ಸ್‌ಮ್ಯಾನ್‌ಗಳ ಬಗ್ಗೆ ನನಗೆ ಜಾಸ್ತಿ ಯೋಚನೆ.