ಮನೆ ಮೀಟರಿಗಿಂತ ಮೊದಲು ಟ್ಯಾಂಕಿಗೊಂದು ಸೆನ್ಸರ್

ಶಿರಸಿ ಪೇಟೆಗೆ ನೀರು ಬರುವುದು ಕೆಂಗ್ರೆ, ಮಾರಿಗದ್ದೆಯ ಹೊಳೆಗಳಿಂದ. ಹೊಳೆ ಕೆಳಗೆ, ಪೇಟೆ ಮೇಲೆ. ಪ್ರತಿ ಕೊಡಕ್ಕೂ ಕರೆಂಟಿನ ಖರ್ಚು ಅಂಟಿಕೊಂಡಿರುತ್ತದೆ. ಹಾಗಾಗಿ ಇಲ್ಲಿ ಡಿಜಿಟಲ್ ಉಪಕರಣದ ಮೊದಲ ಕೆಲಸ ಪಂಪ್‌ಹೌಸಿನಲ್ಲಿ, ಮನೆಯಂಗಳದಲ್ಲಲ್ಲ.

ಸಾವಿರ ಲೀಟರನ್ನು 100 ಮೀಟರ್ ಎತ್ತಲು ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟಾರು ಸೇರಿ ಶೇ 65 ದಕ್ಷತೆಯಿದ್ದರೆ 0.42. ಅದೇ ಪಂಪು 0.55 ತಿನ್ನತೊಡಗಿದರೆ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿರಬೇಕು, ಇಲ್ಲವೇ ಯಾರೋ ವಾಲ್ವ್ ಅರ್ಧ ಮುಚ್ಚಿಟ್ಟಿದ್ದಾರೆ. ಇದು ಗೊತ್ತಾಗಲು ನೀರಿನ ಹರಿವು ಅಳೆಯುವ ಫ್ಲೋ ಮೀಟರು, ಕರೆಂಟು ಅಳೆಯುವ ಎನರ್ಜಿ ಮೀಟರು ಎರಡೂ ಒಂದೇ ಗಡಿಯಾರಕ್ಕೆ ನಡೆಯಬೇಕು, ಅಷ್ಟೇ.

ಫ್ಲೋ ಮೀಟರು ಕೆಡುವುದಕ್ಕಿಂತ ತಪ್ಪು ಜಾಗದಲ್ಲಿ ಕೂರುವುದೇ ಹೆಚ್ಚು. ವಿದ್ಯುತ್ಕಾಂತೀಯ ಮೀಟರಿಗೆ ಮುಂಚೆ ಪೈಪಿನ ವ್ಯಾಸದ ಐದು ಪಟ್ಟು, ನಂತರ ಎರಡು ಪಟ್ಟು ನೇರ ಪೈಪು ಬೇಕು: 300 ಮಿ.ಮೀ. ಪೈಪಿಗೆ ಒಂದೂವರೆ ಮೀಟರು, 60 ಸೆಂ.ಮೀ. ಬೆಂಡಿನ ಪಕ್ಕವೇ ಕೂರಿಸಿದರೆ ಅಂಕಿ ಕುಣಿಯುತ್ತದೆ. ಅರ್ತಿಂಗ್ ಸರಿಯಿಲ್ಲದಿದ್ದರೆ ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೇ ಮೀಟರಿನ ಎಲೆಕ್ಟ್ರಾನಿಕ್ ಕಾರ್ಡ್ ಸುಟ್ಟುಹೋಗುತ್ತದೆ. ಕರೆಂಟಿನ ಹಠಾತ್ ಏರಿಕೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಪವರ್ ಲೈನಿಗೂ ಬೇಕು, ಸಿಗ್ನಲ್ ಲೈನಿಗೂ ಬೇಕು.

ಟ್ಯಾಂಕಿನ ನೀರಿನ ಮಟ್ಟ ಅಳೆಯಲು ಅಗ್ಗವೆಂದು ಮೇಲಿನಿಂದ ಶಬ್ದದ ಪ್ರತಿಧ್ವನಿ ಹಿಡಿಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕುತ್ತಾರೆ. ಮಳೆಗಾಲದಲ್ಲಿ ಅದರ ಮುಖಕ್ಕೆ ಬೆವರುಹನಿ ಕಟ್ಟಿ ಅಂಕಿ ಅಲ್ಲೇ ನಿಂತುಬಿಡುತ್ತದೆ. ತೀರ ಹತ್ತಿರ ಬಂದ ನೀರು ಅದಕ್ಕೆ ಕಾಣುವುದೂ ಇಲ್ಲ, ಟ್ಯಾಂಕು ತುಂಬಿ ಹರಿಯುತ್ತಿರುತ್ತದೆ. ನೀರಿನೊಳಗೆ ಇಳಿಬಿಡುವ ಪ್ರೆಶರ್ ಸೆನ್ಸರೇ ವಾಸಿ. ಕಾರವಾರದ ಕಡೆ ಉಪ್ಪುಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತದೆ. ಬೋಲ್ಟು ಉಪ್ಪು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಸೋರಿಕೆಗೆ ಪುಸ್ತಕ ಹೇಳುವ ಉಪಾಯ, ಹೆಚ್ಚಿನವರು ನೀರು ಬಳಸದ ರಾತ್ರಿ ಎರಡರಿಂದ ನಾಲ್ಕರ ಹರಿವು ನೋಡುವುದು. ಅದು 24 ಗಂಟೆ ನೀರಿರುವ ಊರಿಗೆ. ಸರದಿ ಮೇಲೆ ನೀರು ಬಿಡುವಲ್ಲಿ ರಾತ್ರಿ ಪೈಪೇ ಖಾಲಿ. ಇಲ್ಲಿ ಟ್ಯಾಂಕೇ ಅಳತೆಗೋಲು. 12 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಅಂದರೆ 1,130 ಲೀಟರ್. ಒಳಹರಿವು, ಹೊರಹರಿವು ಎರಡರ ವಾಲ್ವೂ ಮುಚ್ಚಿ, ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ನಾಲ್ಕು ಸೆಂ.ಮೀ. ಇಳಿದರೆ ನಾಲ್ಕೂವರೆ ಸಾವಿರ ಲೀಟರ್ ಹೋಯಿತು. ಟ್ಯಾಂಕು ಸೀಳಿದೆ, ಇಲ್ಲವೇ ಹೊರವಾಲ್ವ್ ಪೂರ್ತಿ ಕಚ್ಚುತ್ತಿಲ್ಲ.

ಮನೆಗಳ ಸ್ಮಾರ್ಟ್ ಮೀಟರು ಕೊನೆಗೆ. ಖಾಲಿ ಪೈಪಿಗೆ ನೀರು ಬಿಟ್ಟಾಗ ಮೊದಲು ನುಗ್ಗುವುದು ಗಾಳಿ, ಚಕ್ರದ ಮೀಟರು ಅದಕ್ಕೂ ತಿರುಗುತ್ತದೆ. ಗಾಳಿ ಹೊರಬಿಡುವ ಏರ್ ವಾಲ್ವ್ ಸರಿಪಡಿಸದೆ ಮೀಟರಿಗೆ ಅಂಕಿ ಕಳಿಸುವ ಸಿಮ್ ಹಾಕಿದರೆ ತಪ್ಪು ಬಿಲ್ ಬೇಗ ಬರುತ್ತದೆ.

ಟೆಂಡರಿನಲ್ಲಿ ಎರಡು ಷರತ್ತು ಮರೆಯಬಾರದು: ನೆಟ್‌ವರ್ಕ್ ಹೋದಾಗ ಲಾಗರ್ (ಅಂಕಿ ದಾಖಲಿಸುವ ಪೆಟ್ಟಿಗೆ) ಕನಿಷ್ಠ ಒಂದು ತಿಂಗಳ ಅಂಕಿ ತನ್ನಲ್ಲೇ ಇಟ್ಟುಕೊಳ್ಳಬೇಕು, ಪಾಸ್‌ವರ್ಡು ಗುತ್ತಿಗೆದಾರನ ಬಳಿಯಲ್ಲ, ನಗರಸಭೆಯ ಬಳಿ ಇರಬೇಕು.